ಹನ್ನೊಂದನೆಯ ಗುರಿ

ಹಿರೇಗಲ್ಲಿನ ದೊರೆ ವೀರಮಲ್ಲನಿಗೆ ತಾನು ಕೆತ್ತಿಸಿದ ಶಾಸನದ ಮೇಲೆ ಎಲ್ಲಿಲ್ಲದ ಮೋಹ. ಅರಮನೆಯ ಬಾಗಿಲಲ್ಲೇ ಆಳೆತ್ತರದ ಕಲ್ಲು. ಎಡಗಡೆ ಅರಮನೆಯ ಹತ್ತು ಗುರಿಗಳು, ಬಲಗಡೆ ಪ್ರಜೆಗಳ ಹತ್ತು ಕರ್ತವ್ಯಗಳು. ಬಂದವರಿಗೆಲ್ಲ ಅದನ್ನು ತೋರಿಸಿ, ಹೊಗಳಿಸಿಕೊಂಡೇ ಕಳಿಸುತ್ತಿದ್ದ.

“ಇದರಲ್ಲಿ ಒಂದು ಪದ ಅಲ್ಲಾಡಿಸುವ ಗಂಡು ಇದ್ದರೆ ಬರಲಿ!” ಎಂದು ಅವತ್ತು ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅಷ್ಟರಲ್ಲಿ ಕಾವಲಿನವರು ಕುಂಬಾರರ ಪುಟ್ಟೀರಮ್ಮನನ್ನು ಎಳೆದು ತಂದರು. ನಾಲ್ಕನೆಯ ಕರ್ತವ್ಯದಲ್ಲಿ ತಪ್ಪಿದ್ದಳಂತೆ. ‘ದಾರಿಹೋಕರಿಗಾಗಿ ಪ್ರತಿ ಮನೆಯವರೂ ಬಾಗಿಲಲ್ಲಿ ನೀರು ಇಡತಕ್ಕದ್ದು. ತಪ್ಪಿದರೆ ಗಡಿಪಾರು.’

“ಗಡಿಗೆ ಇಟ್ಟಿದ್ದೆ ಬುದ್ಧಿ. ನೀರು ಎಲ್ಲಿಂದ ತರಲಿ? ನಮ್ಮ ಕೇರೀಲಿ ಬಾವೀನೇ ಇಲ್ಲ. ಹೊಳೆಗೆ ಹೋಗಿ ಬರೋಕೆ ಅರ್ಧ ದಿನ. ತಂದ ಒಂದು ಕೊಡ ಮನೆಮಂದಿಗೇ ಸಾಲದು. ಮಡಕೆ ಮಾಡೋ ತಿಗರಿ ಬಿಟ್ಟು ಹೋಗು ಅಂದ್ರೆ ನಾನು ಎಲ್ಲಿ ಬದುಕಲಿ?”

ದೊರೆಗೆ ಅವಳ ಅಳುವಿನಲ್ಲಿ ಕೇಳಿಸಿದ್ದು ಒಂದೇ ಪದ. “ಬರೀ ಗಡಿಗೆ ಇಟ್ಟವಳು ಗಡಿಗೇ ಹೋಗಲಿ!” ಎಂದ.

ದೊರೆ ಚಮತ್ಕಾರದ ಮಾತಾಡಿದ ಮೇಲೆ ಸಭೆ ನಗಲೇಬೇಕಲ್ಲ, ನಕ್ಕಿತು. ನಗದೇ ಉಳಿದವನು ಅಪ್ಪಣೆಗಳನ್ನು ಓಲೆಗೆ ಇಳಿಸುವ ಕರಣಿಕ ಬೊಪ್ಪಣ್ಣ ಒಬ್ಬನೇ. ಆ ಹೆಂಗಸಿನ ಮುಖವನ್ನೊಮ್ಮೆ ನೋಡಿದ. ಆಮೇಲೆ ಏನೂ ತಿಳಿಯದ ಪೆದ್ದನ ಹಾಗೆ ತಲೆ ಕೆರೆದುಕೊಂಡ.

“ಬರೆಯುವ ಮುಂಚೆ ಒಂದು ಅನುಮಾನ, ಪ್ರಭು. ಎಡಗಡೆ ಮೂರನೆಯ ಗುರಿ ‘ಕೇರಿಕೇರಿಗೂ ಬಾವಿ ತೋಡಿಸಲು ಅರಮನೆ ಯತ್ನಿಸುವುದು’ ಅಂತಿದೆ. ಬಲಗಡೆ ‘ನೀರು ಇಡತಕ್ಕದ್ದು’ ಅಂತಿದೆ. ಎರಡೂ ಒಂದೇ ಅಲ್ಲವೇ?”

“ಅಯ್ಯೋ ದಡ್ಡ! ತಕ್ಕದ್ದು ಅಂದರೆ ಮಾಡಲೇಬೇಕು. ಯತ್ನಿಸುವುದು ಅಂದರೆ ಅನುಕೂಲವಾದಾಗ. ಇನ್ನೂ ಯಾಕೆ ಆಗಲಿಲ್ಲ ಅಂತ ಯಾರೂ ಕೇಳುವ ಹಾಗಿಲ್ಲ.”

“ಹಾಗಾದರೆ ಅರಮನೆಯ ಕೆಲಸಕ್ಕೆಲ್ಲ ಯತ್ನಿಸುವುದು ಅಂತಲೇ ಬರೆಯಬೇಕೇ?”

“ಎಲ್ಲದಕ್ಕೂ! ಅರಮನೆಗೇ ತಕ್ಕದ್ದು ಅನ್ನೋಕೆ ಯಾರಿಗಿದೆ ಎದೆ?”

“ಆ ಕೆಲಸಗಳು ನಡೆಯುವುದೂ ಒಂದಾದ ಮೇಲೆ ಒಂದು, ಸರದಿಯಲ್ಲೇ?”

“ಸರದಿಯಲ್ಲೇ. ನುಗ್ಗಾಡೋಕೆ ಇದೇನು ಸಂತೆಯೇ? ಬೇಗ ಬರಿ, ಹೊಟ್ಟೆ ಹಸೀತಿದೆ.”

ಬೊಪ್ಪಣ್ಣ ಬರೆದ. ಬರೆದದ್ದನ್ನು ರಾಗವಾಗಿ ಓದಿಯೂ ಹೇಳಿದ. “ಕುಂಬಾರರ ಪುಟ್ಟೀರಮ್ಮನನ್ನು ಗಡಿಪಾರು ಮಾಡಲು ಅರಮನೆ ಯತ್ನಿಸುವುದು. ಇದು ಹನ್ನೊಂದನೆಯ ಗುರಿ.”

ದೊರೆ ಗದ್ದುಗೆಯಿಂದ ಎದ್ದೇಬಿಟ್ಟ. “ಏನಯ್ಯಾ ಇದು? ಮಾಡತಕ್ಕದ್ದು ಅಂತ ಬರಿ!”

“ಇವಳನ್ನು ಗಡಿ ದಾಟಿಸುವವರು ಯಾರು, ಪ್ರಭು? ತಮ್ಮ ಕಾವಲಿನವರು. ಅಂದಮೇಲೆ ಅದು ಅರಮನೆಯ ಕೆಲಸ. ಅರಮನೆಗೆ ತಕ್ಕದ್ದು ಅನ್ನೋಕೆ ಈ ಬಡ ಕರಣಿಕನಿಗೆ ಎದೆ ಎಲ್ಲಿಂದ ಬರಬೇಕು? ಇನ್ನು ಸರದಿ. ಮೊದಲಿನ ಹತ್ತೂ ಮುಗಿಯಲಿ, ಆಮೇಲೆ ಅಟ್ಟೋಣ. ಆದರೆ ಅಷ್ಟರಲ್ಲಿ ಅವಳ ಕೇರಿಗೆ ಬಾವಿ ಬಂದಿರುತ್ತೆ, ಗಡಿಗೆ ತುಂಬ ನೀರೂ ಇರುತ್ತೆ. ಆಗ ಯಾವ ತಪ್ಪಿಗೆ ಅಟ್ಟೋದು ಅನ್ನೋದೇ ನನ್ನ ಚಿಂತೆ!”

ಈ ಸಲ ಸಭೆ ಯಾರ ಮುಲಾಜೂ ಇಲ್ಲದೆ ನಕ್ಕಿತು. ದೊರೆ ಹಲ್ಲು ಕಡಿದ, ಬೊಪ್ಪಣ್ಣನನ್ನು ದುರುಗುಟ್ಟಿ ನೋಡಿದ. ಕೊನೆಗೆ ತಡೆಯಲಾಗದೆ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊದ್ದಿದ್ದ ಶಾಲನ್ನು ತೆಗೆದು ಬೊಪ್ಪಣ್ಣನ ಹೆಗಲಿಗೆ ಎಸೆದ.

“ಗೆದ್ದೆ ಕಣಯ್ಯಾ! ಆ ತಾಯಿಯನ್ನು ಮನೆಗೆ ಕಳಿಸಿ. ಕುಂಬಾರಗೇರಿಯ ಬಾವಿಗೆ ನಾಳೆಯೇ ಗುದ್ದಲಿ ಬೀಳಲಿ. ಬರೆದುಕೋ.”

ಬೊಪ್ಪಣ್ಣ ಹೊಸ ಓಲೆ ತೆಗೆದುಕೊಂಡು ಬಲು ವಿನಯದಿಂದ ಕೇಳಿದ. “ತೋಡಿಸಲು ಯತ್ನಿಸುವುದು... ಅಂತಲೇ, ಪ್ರಭು?”

“ತೋಡಿಸತಕ್ಕದ್ದು ಅಂತ ಬರಿ, ಮಾರಾಯ!”