ದಾಟದೆ ಉಳಿದ ಪಾಠಗಳು

ಮಲಪ್ರಭೆಯ ದಂಡೆಗೆ ಒಂದು ಸಂಗೀತದ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಹಿಂದೆ ಎರಡು ಕೋಣೆ, ಗೋಡೆಗೆ ಒರಗಿಸಿಟ್ಟ ತಂಬೂರಿಗಳು. ನದಿಯ ಗಾಳಿ ಜೋರಾಗಿ ಬಂದರೆ ಯಾರೂ ಮುಟ್ಟದೆಯೇ ತಂತಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು.

ಅಲ್ಲಿ ಕಲಿಸುತ್ತಿದ್ದವರು ನೀಲಮ್ಮ. ವಯಸ್ಸಾದವರು. ಎಲ್ಲರೂ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದರು.

ಅವರ ಹಿರಿಯ ಶಿಷ್ಯ ಸಂಗಯ್ಯ. ಹಾಡುವುದರಲ್ಲಿ ಚುರುಕು, ಭಕ್ತಿಯಲ್ಲಿ ಅದಕ್ಕಿಂತ ಚುರುಕು. ಎಡವಟ್ಟಾದದ್ದು ಈ ಎರಡನೆಯದರಿಂದ.

ಆಶ್ರಮದ ಹಾಡುಗಳೆಲ್ಲ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಕಚೇರಿಗಳು, ರೇಡಿಯೋದಿಂದ ಹಿಡಿದಿಟ್ಟವು, ಯಾರದೋ ಮದುವೆಯಲ್ಲಿ ಯಾರೋ ಹಾಡಿದ್ದು, ಅವ್ವಾರ ಹರೆಯದ ದನಿ, ನಡುವಯಸ್ಸಿನ ದನಿ. ಹಚ್ಚಿ ಕೂತರೆ ವರ್ಷಗಟ್ಟಲೆ ಕೇಳಬಹುದಾದಷ್ಟು.

ಮಧ್ಯಾಹ್ನ ಊಟವಾದ ಮೇಲೆ ಅವ್ವಾರು ಕೋಣೆಯ ಬಾಗಿಲು ಮುಂದಕ್ಕೆಳೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದರಲ್ಲಿ ಏನನ್ನೋ ಕೇಳುತ್ತಿದ್ದರು. ಏನೆಂದು ಯಾರೂ ವಿಚಾರಿಸಿದವರಲ್ಲ.

ಒಂದು ದಿನ ಆ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು.

“ಅದಕ್ಕೂ ತಾಳ ಬಂತೇನು?” ಎಂದರು ಅವ್ವಾರು.

“ತಾಳ ಅಲ್ರಿ ಅವ್ವಾರ. ಸಾಯಾಕತ್ತೇತ್ರಿ.”

“ಮತ್ತ ಒಳಗಿನ ಹಾಡು?”

“ಹೊಸಾದು ತಂದು ಅದಕ್ಕ ದಾಟಸ್ತೇನ್ರಿ.”

ಸಂಗಯ್ಯ ಹುಬ್ಬಳ್ಳಿಗೆ ಹೋಗಿ ಹೊಸ ಡಿಸ್ಕು ತಂದ. ಕಪ್ಪಗೆ, ಚಪ್ಪಟೆಯಾಗಿ, ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಅವ್ವಾರು ಅದನ್ನು ಕೈಯಲ್ಲಿಟ್ಟುಕೊಂಡು ತೂಗಿ ನೋಡಿದರು.

“ಖಾಲಿ ಇದ್ದಾಗ ಇಷ್ಟು ಭಾರ. ತುಂಬಿದ ಮ್ಯಾಲೆ?”

“ಅಷ್ಟ ಇರ್ತೇತ್ರಿ.”

“ಪುಣ್ಯಾ ಮಾಡೇತಿ,” ಎಂದು ನಕ್ಕು ಅದನ್ನು ತಿರುಗಿ ಕೊಟ್ಟರು. “ಆರಿಸಾಕ ಹೋಗಬ್ಯಾಡ. ಹೆಂಗೈತಿ ಹಂಗ ಒಯ್ಯಿ.”

ಸಂಗಯ್ಯ ತಲೆಯಾಡಿಸಿದ. ಶಿಷ್ಯರು ತಲೆಯಾಡಿಸುವುದರಲ್ಲಿ ಯಾವಾಗಲೂ ಮುಂದು.

ಅವನು ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತ. ಆ ಕಡೆ ಹಳೆಯದು, ಈ ಕಡೆ ಹೊಸದು, ನಡುವೆ ವೈರು. ಎಲ್ಲಕ್ಕಿಂತ ಮೇಲೆ ‘ಪಾಠ’ ಎಂಬ ಫೋಲ್ಡರ್ ಇತ್ತು. ಏನಿರಬಹುದೆಂದು ಒಂದನ್ನು ಹಚ್ಚಿದ.

ತಂಬೂರಿಯ ಶ್ರುತಿ ಕೇಳಿಸಿತು. ಎಳೆಯ ಹೆಣ್ಣುದನಿಯೊಂದು ತೋಡಿ ರಾಗ ಹಾಡತೊಡಗಿತು. ಒಂದು ಸ್ವರದ ಹತ್ತಿರ ಬಂದು ಜಾರಿತು. ನಿಂತಿತು. ಮತ್ತೆ ಹಾಡಿತು, ಮತ್ತೆ ಅಲ್ಲಿಯೇ ಜಾರಿತು. ಆಗ ದೂರದಿಂದ ಒಂದು ಮುಪ್ಪಿನ ದನಿ ಆ ಸ್ವರವನ್ನಷ್ಟೇ ಸರಿಯಾಗಿ ಹಾಡಿ ತೋರಿಸಿ ಸುಮ್ಮನಾಯಿತು.

ಸಂಗಯ್ಯನಿಗೆ ಗುರುತು ಸಿಕ್ಕಿತು. ಆ ಹುಡುಗಿ ಅವ್ವಾರು. ಆ ಮುದುಕರು ಅವ್ವಾರ ಗುರುಗಳು, ಎಲ್ಲರೂ ಅಜ್ಜಾರು ಎನ್ನುತ್ತಿದ್ದವರು.

ಅಜ್ಜಾರು ದನಿ ಹಿಡಿಯುವ ಯಂತ್ರದ ಮುಂದೆ ಎಂದೂ ಹಾಡಿದವರಲ್ಲ. ಹಾಡು ಎದುರಿಗೆ ಕೂತವರಿಗಷ್ಟೇ ಎನ್ನುತ್ತಿದ್ದರಂತೆ. ಆದರೆ ಶಿಷ್ಯೆ ತನ್ನ ಪಾಠವನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಳ್ಳುವುದಕ್ಕೆ ಬೇಡ ಅಂದಿರಲಿಲ್ಲ. ಹಾಗಾಗಿ ಅವರ ದನಿ ಉಳಿದದ್ದು ಅವ್ವಾರು ತಪ್ಪಿದ ಜಾಗಗಳಲ್ಲಿ ಮಾತ್ರ.

ಸಂಗಯ್ಯ ಅವಸರದಿಂದ ಅದನ್ನು ನಿಲ್ಲಿಸಿದ. ನೋಡಬಾರದ್ದನ್ನು ನೋಡಿದವನಂತೆ ಅತ್ತ ಇತ್ತ ನೋಡಿದ.

ಈ ಹೊಸ ಡಿಸ್ಕು ನಾಳೆ ಎಲ್ಲ ಶಿಷ್ಯರ ಕೈಗೆ ಹೋಗುತ್ತದೆ. ಎಲ್ಲರೂ ಕಾಪಿ ಕೇಳುತ್ತಾರೆ. ಅವ್ವಾರು ತಪ್ಪು ಹಾಡಿದ್ದನ್ನು ಅವರೆಲ್ಲ ಕೇಳುವುದೇ? ಅವನಿಗೆ ಆ ಯೋಚನೆಯನ್ನೇ ಸಹಿಸಲಾಗಲಿಲ್ಲ.

ಬಿಟ್ಟೇಬಿಡಬೇಕು ಎಂದೇನೂ ಅವನು ನಿಶ್ಚಯಿಸಲಿಲ್ಲ. ಮೊದಲು ಕಚೇರಿಗಳು ಹೋಗಲಿ, ಇದನ್ನು ಕೊನೆಗೆ ನೋಡೋಣ ಅಂದುಕೊಂಡ. ನಾವು ಬಿಟ್ಟುಬಿಡುವುದನ್ನೆಲ್ಲ ಹೀಗೆಯೇ ತಾನೇ ಬಿಡುವುದು. ಮಿಕ್ಕಿದ್ದನ್ನೆಲ್ಲ ಆರಿಸಿ ಕಾಪಿಗೆ ಹಾಕಿದ.

ಹಳೆಯ ಡಿಸ್ಕಿನ ಸಣ್ಣ ನೀಲಿ ದೀಪ ಮಿನುಗತೊಡಗಿತು. ಹೊರಗೆ ಬಿಸಿಲು. ಟಿಕ್ ಟಿಕ್ ಸದ್ದು, ನದಿಯ ಸದ್ದು, ತಂಬೂರಿಗಳ ಗುಂಯ್‌ಗುಡುವಿಕೆ ಎಲ್ಲ ಸೇರಿ ಒಂದೇ ಆಯಿತು. ಸಂಗಯ್ಯನ ಕಣ್ಣು ಎಳೆದವು.

ಕನಸಿನಲ್ಲಿ ಅವನು ಹರಿಗೋಲು ನಡೆಸುತ್ತಿದ್ದ. ದಂಡೆಯ ಮೇಲೆ ರಾಗಗಳು ನಿಂತಿದ್ದವು. ಅವು ರಾಗಗಳೆಂದು ಅವನಿಗೆ ಹೇಗೆ ತಿಳಿಯಿತೋ, ಕನಸಿನಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ. ಒಂದೊಂದೂ ಗಂಟು ಹೊತ್ತುಕೊಂಡು, ಸದ್ದಿಲ್ಲದೆ ಹರಿಗೋಲು ಹತ್ತಿ, ಆಚೆ ದಂಡೆಯಲ್ಲಿ ಇಳಿದು ಮಂಜಿನೊಳಗೆ ಹೋಗುತ್ತಿದ್ದವು.

ಎಲ್ಲರ ಮುಂದೆ ಒಬ್ಬ ಮುದುಕರು ನಿಂತಿದ್ದರು. ಪಕ್ಕದಲ್ಲಿ ಲಂಗದ ಹುಡುಗಿ. ಹುಡುಗಿ ಅವರ ಬೆರಳು ಹಿಡಿದುಕೊಂಡಿದ್ದಳು.

“ನೀವು ಆಮ್ಯಾಲೆ ಬರ್ರಿ,” ಎಂದ ಸಂಗಯ್ಯ.

ಮುದುಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹರಿಗೋಲು ಹೋಯಿತು, ಬಂತು, ಹೋಯಿತು. ನೀರು ಬೆಳ್ಳಗೆ, ಹಾಲಿನ ಹಾಗಿತ್ತು. ಕೊನೆಗೆ ದಂಡೆಯಲ್ಲಿ ಅವರಿಬ್ಬರೇ ಉಳಿದರು. ಸಂಗಯ್ಯ ಅವರ ಕಡೆಗೆ ಹುಟ್ಟು ಹಾಕಿದ. ಎಷ್ಟು ಹಾಕಿದರೂ ಆ ದಂಡೆ ಹತ್ತಿರ ಬರಲಿಲ್ಲ.

ಎಚ್ಚರವಾದಾಗ ಪಡಸಾಲೆ ನಿಶ್ಶಬ್ದವಾಗಿತ್ತು. ಟಿಕ್ ಟಿಕ್ ನಿಂತಿತ್ತು. ನೀಲಿ ದೀಪ ಆರಿತ್ತು.

ಕಚೇರಿಗಳೆಲ್ಲ ದಾಟಿದ್ದವು. ಮದುವೆ ಮನೆಯ ಹಾಡೂ ದಾಟಿತ್ತು. ಪಾಠ ದಾಟಿರಲಿಲ್ಲ.

ಸಂಗಯ್ಯ ವೈರು ಕಿತ್ತು ಮತ್ತೆ ಚುಚ್ಚಿದ. ಬೇರೆ ವೈರು ಹಾಕಿದ. ಡಿಸ್ಕನ್ನು ಎದೆಗೆ ಒತ್ತಿಕೊಂಡು ಕೂತ, ಕಾವು ಕೊಟ್ಟರೆ ಬದುಕೀತು ಎಂಬಂತೆ. ಕೊನೆಗೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಓಡಿದ.

ಅಂಗಡಿಯವನು ಬಿಚ್ಚಿ ನೋಡಿದ. ಒಳಗಿನ ತಟ್ಟೆಯೇ ಕೆರೆದುಹೋಗಿದೆ, ಇನ್ನು ಯಾರಿಂದಲೂ ಆಗುವುದಿಲ್ಲ ಅಂದ. ಮೂಲದ ಕ್ಯಾಸೆಟ್ಟುಗಳಂತೂ ಬೂಷ್ಟು ಹಿಡಿದು ಎಂದೋ ಹಾಳಾಗಿದ್ದವು.

ತಿರುಗಿ ಬಂದಾಗ ಅವ್ವಾರು ನದಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಸಂಗಯ್ಯ ಎರಡು ಮೆಟ್ಟಿಲು ಮೇಲೆಯೇ ನಿಂತ.

“ಎಲ್ಲಾ ದಾಟಿತೇನು?”

“ಪಾಠ ದಾಟಲಿಲ್ರಿ ಅವ್ವಾರ.”

ನೀರಿನಲ್ಲಿ ಆಡುತ್ತಿದ್ದ ಅವರ ಕಾಲು ನಿಂತವು.

“ಅದು ಎಲ್ಲಾದಕ್ಕಿಂತ ಮ್ಯಾಲಿತ್ತಲ್ಲೋ.”

“ನಾನ ಕೊನೀಗೆ ಇಟ್ಟಿದ್ನಿರಿ.”

“ಯಾಕ?”

“ಅದರಾಗ ನೀವು ತಪ್ಪು ಹಾಡಿದ್ರಿ.”

“ಹೌದು, ಹಾಡೀನಿ.”

“ಮಂದಿ ಕೇಳಬಾರದು ಅಂತ...”

“ಮಂದಿ ಕೇಳಬಾರದು ಅಂತ ನನಗೂ ಕೇಳಧಂಗ ಮಾಡಿದಿ.”

ಅವ್ವಾರಿಗೆ ಅಳು ಬಂತು. ಅದನ್ನು ಅವರು ಮರೆಮಾಡಲಿಲ್ಲ, ಸೆರಗೂ ಹಚ್ಚಲಿಲ್ಲ. ಸಂಗಯ್ಯ ಅವರು ಅಳುವುದನ್ನು ಎಂದೂ ನೋಡಿರಲಿಲ್ಲ. ನದಿಗೆ ಬಿದ್ದುಬಿಡಲೇ ಅನ್ನಿಸಿತು ಅವನಿಗೆ.

“ಅಜ್ಜಾರ ದನೀನ ಕಳದುಬಿಟ್ನೆಲ್ರಿ ನಾನು.”

“ಅವರ ದನಿ ನನ್ನ ಕಿವ್ಯಾಗ ಐತಿ. ಅದಕ್ಕಲ್ಲ ನಾನು ಅಳೋದು.”

“ಮತ್ತ?”

“ದಿನಾ ಮಧ್ಯಾಹ್ನ ನಾನು ಅದನ್ನ ಯಾಕ ಕೇಳತಿದ್ದೆ, ಹೇಳು ನೋಡೋಣ.”

“ಗುರುಗಳ ನೆನಪಿಗೆ.”

“ನೆನಪಿಗೆ ಗ್ವಾಡೀ ಮ್ಯಾಲೆ ಫೋಟೋ ಐತಿ.”

ಅವ್ವಾರು ಹರಿಯುವ ನೀರಿನತ್ತ ಮುಖ ತಿರುಗಿಸಿದರು.

“ಸಂಗಯ್ಯಾ, ಹರೇದಾಗ ನಾನು ಎಲ್ಲಿ ಜಾರತಿದ್ದೆನೋ, ಮುಪ್ಪಿನಾಗೂ ಅಲ್ಲೇ ಜಾರಾಕತ್ತೇನಿ. ನನಗ ಹಂಗ ಅನುಮಾನ. ಆದ್ರ ನಾನು ಹಾಡಿದ್ದು ನನಗ ನೆಟ್ಟಗ ಕೇಳಸೂದಿಲ್ಲ ಈಗ. ನಾನು ಹಾಡಿದ್ರ ನೀವೆಲ್ಲಾ ಕೈ ಮುಗೀತೀರಿ. ಊರಿನ ಮಂದಿ ಹಾರ ಹಾಕತಾರ. ನೀಲವ್ವಾ, ತಪ್ಪಾತು ಅನ್ನೋರು ಆ ಡಬ್ಬಿಯೊಳಗ ಒಬ್ಬರ ಉಳಿದಿದ್ರು.”

ಅವರು ಜಾರುವುದು ಸಂಗಯ್ಯನಿಗೆ ಗೊತ್ತಿತ್ತು.

ತೋಡಿಯಲ್ಲಿ ಗಾಂಧಾರ ಎಂಬ ಸ್ವರ ತಗ್ಗಿ ನಿಲ್ಲಬೇಕು. ಕೂದಲೆಳೆಯಷ್ಟು ಮೇಲೆ ನಿಂತರೂ ರಾಗದ ಮುಖ ಬೇರೆಯಾಗುತ್ತದೆ. ಇತ್ತೀಚೆಗೆ ಅವ್ವಾರ ಗಾಂಧಾರ ಆ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ಕಚೇರಿಯಲ್ಲಿ ಅವರ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತು ದನಿಗೂಡಿಸುವವನು ಸಂಗಯ್ಯ. ಆ ಜಾಗ ಬರುತ್ತಲೇ ತನ್ನ ದನಿಯನ್ನು ತುಸು ಜೋರಾಗಿ ಎತ್ತಿ ಅದನ್ನು ಮುಚ್ಚಿಬಿಡುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಅವನು ಸೇವೆ ಅಂದುಕೊಂಡಿದ್ದ.

“ತೋಡಿ ಹಾಡುವಾಗ ಒಂದು ಕಡೆ ನೀನು ದನಿ ಎತ್ತತಿ,” ಎಂದರು ಅವ್ವಾರು, ಅವನ ಕಡೆ ತಿರುಗದೆ. “ಯಾಕ?”

ಸಂಗಯ್ಯ ತಲೆ ತಗ್ಗಿಸಿದ. ನದಿಯಲ್ಲಿ ಒಂದು ಎಲೆ ತೇಲಿಹೋಯಿತು.

“ಇರಲಿ ಬಿಡು,” ಎಂದು ಅವ್ವಾರು ಮೊಣಕಾಲಿಗೆ ಕೈಕೊಟ್ಟು ಎದ್ದರು. “ನಾಳೆ ಮುಂಜಾನೆ ತಂಬೂರಿ ಹೊರಗ ತಾ.”

ಮರುದಿನ ಮುಂಜಾನೆ ನದಿಯ ಮೇಲೆ ಮಂಜು ದಟ್ಟವಾಗಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ತಿಳಿಯದಷ್ಟು. ಸಂಗಯ್ಯ ಕಟ್ಟೆಯ ಮೇಲೆ ಚಾಪೆ ಹಾಸಿ, ತಂಬೂರಿ ಹಿಡಿದುಕೊಂಡು ಎಂದಿನಂತೆ ಅವರ ಬೆನ್ನಿಗೆ ಕೂತ.

“ಹಿಂದ ಬ್ಯಾಡ. ಎದುರಿಗೆ ಬಾ.”

ಎದುರಿಗೆ ಕೂತ. ಇಷ್ಟು ವರ್ಷವೂ ಅವರು ಹಾಡುವಾಗ ಅವನು ನೋಡಿದ್ದು ಅವರ ತುರುಬನ್ನು ಮಾತ್ರ. ಈಗ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ತಂಬೂರಿಯ ಬುರುಡೆ ನೋಡಿದ.

ಅವ್ವಾರು ತೋಡಿ ಹಾಡತೊಡಗಿದರು. ದನಿ ಮಂಜಿನೊಳಗೆ ಮೆಲ್ಲಗೆ ಇಳಿಯಿತು. ಎದ್ದಿದ್ದೇವೋ ಮಲಗಿದ್ದೇವೋ ಎಂದು ಅನುಮಾನ ಬರುವಂಥ ಹಾಡು ಅದು. ಷಡ್ಜ, ರಿಷಭ, ಆಮೇಲೆ ಗಾಂಧಾರ.

ಗಾಂಧಾರ ಮೇಲೆ ನಿಂತಿತು.

ಸಂಗಯ್ಯನ ದನಿ ಎದ್ದು ಅದನ್ನು ಮುಚ್ಚಲು ಗಂಟಲಿನವರೆಗೆ ಬಂತು. ಅವನು ನುಂಗಿಕೊಂಡ.

ಅವ್ವಾರು ಅವನ ಮುಖ ನೋಡಿದರು. ಅವನು ಬುರುಡೆಯನ್ನೇ ನೋಡುತ್ತಿದ್ದ. ಅವರು ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಅಲ್ಲಿಯೇ ಜಾರಿತು. ಹಾಡು ನಿಲ್ಲಿಸಿ, ಕೈ ತೊಡೆಯ ಮೇಲಿಟ್ಟು ಕಾದರು.

ತಂಬೂರಿಯೊಂದೇ ನುಡಿಯುತ್ತಿತ್ತು. ಕಲಿಸಿದವರಿಗೆ ಕಲಿತವನು ಹೇಳುವುದೇ? ಅವನ ಮನೆತನದಲ್ಲಿ, ಈ ಆಶ್ರಮದಲ್ಲಿ, ಅವನು ಕಂಡ ಯಾವ ಊರಿನಲ್ಲೂ ಹಾಗೆ ನಡೆದಿರಲಿಲ್ಲ. ಅವ್ವಾರು ಕಾಯುತ್ತಲೇ ಇದ್ದರು. ಮುಖದ ಮೇಲೆ ಸಿಟ್ಟಿರಲಿಲ್ಲ, ಪಾಠಕ್ಕೆ ಕೂತವರ ಆಸೆ ಇತ್ತು. ಅದನ್ನು ನೋಡಿದಾಗ ಅವನಿಗೆ ಇನ್ನು ತಡೆಯಲಾಗಲಿಲ್ಲ.

ಕಣ್ಣು ಮುಚ್ಚಿ ಆ ಸ್ವರವನ್ನಷ್ಟೇ ಹಾಡಿದ. ಗಾಂಧಾರ ತಗ್ಗಿ ಬಂದು, ತನ್ನ ಜಾಗದಲ್ಲಿ ಕೂತಿತು. ಹಾಡಿ ಸುಮ್ಮನಾದ.

ಅವ್ವಾರು ಆಲಿಸಿದರು. ಬಹಳ ಹೊತ್ತು ಆಲಿಸಿದರು. ಆಮೇಲೆ ತಾವು ಹಾಡಿದರು. ಹತ್ತಿರ ಬಂತು, ಆದರೆ ಕೂಡಲಿಲ್ಲ.

ಸಂಗಯ್ಯ ತಲೆ ಅಡ್ಡಡ್ಡ ಆಡಿಸಿದ. ಅವ್ವಾರ ಮುಂದೆ ಅವನ ತಲೆ ಹಾಗೆ ಆಡಿದ್ದು ಅದೇ ಮೊದಲು.

ಅವರು ಮತ್ತೆ ಹಾಡಿದರು. ಈಗ ಕೂಡಿತು. ತಂಬೂರಿಯ ಶ್ರುತಿ, ಮಂಜು, ಮುಪ್ಪಿನ ದನಿ ಎಲ್ಲ ಒಂದಾಗಿ, ಹಾಡು ಎಲ್ಲಿ ಮುಗಿದು ನದಿ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಸಂಗಯ್ಯನಿಗೆ ಹೇಳಲಾರದಷ್ಟು ಸುಖವಾಯಿತು. ಅದರ ಬೆನ್ನಿಗೇ ಹೆದರಿಕೆಯಾಯಿತು. ತಂಬೂರಿ ಪಕ್ಕಕ್ಕಿಟ್ಟು ಅವ್ವಾರ ಪಾದದ ಮೇಲೆ ಹಣೆಯಿಟ್ಟ.

“ದೊಡ್ಡ ತಪ್ಪಾತ್ರಿ ಅವ್ವಾರ. ನನ್ನ ಯೋಗ್ಯತಾ ಮೀರಿದೆ. ಹೊಟ್ಟ್ಯಾಗ ಹಾಕ್ಕೋರಿ.”

ಅವ್ವಾರು ಅವನ ಬೆನ್ನು ತಟ್ಟಿದರು.

“ಏಳೋ. ನಾಳೆನೂ ನಾನು ಅಲ್ಲೇ ಜಾರತೇನಿ. ನೀನು ಹಿಂಗ ಕಾಲಿಗೆ ಬಿದ್ದು ಕೂತ್ರ ಹೇಳೋರು ಯಾರು?”