ಬಿಳಿ ಎಲೆಯ ಊಟ

"ಅವ್ವಾ, ಎಲ್ಲರಿಗೂ ಋಣಿಯಾಗಿರು ಅನ್ನುತ್ತೀರಿ. ನನ್ನ ಧ್ಯಾನ ನಾನೇ ಮಾಡುತ್ತೇನೆ. ಅದರಲ್ಲಿ ಇನ್ನೊಬ್ಬರ ಪಾಲೇನಿದೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಮಾತೆ ಹೇಳಿದಳು:

ಒಂದು ಬಂದರಿನ ಊರು. ಅಲ್ಲಿ ಮದುವೆಯಾಗಿ ಹೊರಟ ಮಗಳ ಕೈಗೆ ತಾಯಿ ತನ್ನ ಕುಂಡದ ಬಳ್ಳಿಯಿಂದ ಒಂದು ತುಂಡು ಮುರಿದು ಕೊಡುವುದು ಪದ್ಧತಿ. ವರ್ತಕನ ಮಗಳೊಬ್ಬಳು ಹಾಗೆ ತಂದ ಬಳ್ಳಿಯಲ್ಲಿ ಎಲೆಗಳು ಅರ್ಧ ಹಸಿರು, ಅರ್ಧ ಬಿಳಿ. ಮರುವರ್ಷ ತಾಯಿ ತೀರಿಕೊಂಡಳು. ತವರಿನ ಕುಂಡವೂ ಒಣಗಿತು. ಉಳಿದದ್ದು ಇದೊಂದೇ.

ಬಿಸಿಲಿಗೆ ಬಿಳಿ ಕಂದೀತೆಂದು ಹೆದರಿ ಆಕೆ ಬಳ್ಳಿಯನ್ನು ಕತ್ತಲ ಕೋಣೆಯಲ್ಲಿಟ್ಟಳು. ಹೊಸ ಎಲೆಗಳು ಬರೀ ಹಸಿರಾಗಿ ಬಂದವು. ಹಸಿರೇ ಬಿಳಿಯನ್ನು ನುಂಗುತ್ತಿದೆ ಎಂದುಕೊಂಡು ಹಸಿರು ಕಂಡಲ್ಲೆಲ್ಲ ಚಿವುಟಿದಳು. ಕೊನೆಗೆ ಉಳಿದದ್ದು ಹಾಲಿನಂಥ ಒಂದು ಕುಡಿ. ಅದನ್ನು ನೋಡಲು ಬೀದಿಯೇ ಬಂತು. ಬಿಳುಪಿಗೆ ಮರುಳಾಗದ ಊರನ್ನು ನಾನಂತೂ ಎಲ್ಲೂ ಕಂಡಿಲ್ಲ.

ಕುಡಿ ಜೋತುಬಿತ್ತು. ಗಾಬರಿಯಾಗಿ ಆಕೆ ಕುಂಡವನ್ನು ನಡುಹಗಲ ಅಂಗಳಕ್ಕೆ ತಂದಿಟ್ಟಳು. ಎಲೆಯ ಅಂಚು ಸುಟ್ಟಿತು.

ಅತ್ತೆ ಹೊರಗೆ ಬಂದು ನೋಡಿದಳು. "ಏನೇ, ಬಳ್ಳಿ ಬೆಳೆಸ್ತಿದ್ದೀಯೋ, ಸಂಡಿಗೆ ಒಣಗಿಸ್ತಿದ್ದೀಯೋ?"

"ನಗಬೇಡಿ ಅತ್ತೆ. ಇದೂ ಹೋದರೆ ಅಮ್ಮಂದು ಅಂತ ನನಗೆ ಇನ್ನೇನೂ ಇಲ್ಲ."

ಅತ್ತೆಯ ನಗು ನಿಂತಿತು. ಕುಂಡವನ್ನು ತಾನೇ ಎತ್ತಿ ಮೂಡಣ ಕಿಟಕಿಯ ಬಳಿ ಇಟ್ಟಳು. ಸವೆದ ತನ್ನ ಸೀರೆಯೊಂದನ್ನು ಕಿಟಕಿಗೆ ಅಡ್ಡ ಕಟ್ಟಿದಳು. ಬೆಳಕು ಬಂತು, ಉರಿ ಬರಲಿಲ್ಲ.

"ಬಿಳಿಗೆ ಅಡಿಗೆ ಬರೋಲ್ಲ ಕಣೇ. ಬೆಳಕಲ್ಲಿ ಹಸಿರು ಬೇಯಿಸಿದ್ದನ್ನ ಉಂಡು ಅದು ಬೆಳ್ಳಗಿರುತ್ತೆ. ನೀನು ಕತ್ತಲಲ್ಲಿಟ್ಟೆ. ಹೊಟ್ಟೆಗೆ ಸಾಲದೆ ಬಳ್ಳಿ ಹಸಿರು ಹೆಚ್ಚಿಸಿಕೊಂಡಿತು. ನೀನೋ, ಅಡಿಗೆಯವಳನ್ನ ಓಡಿಸಿ ನೆಂಟರನ್ನ ಎಲೆ ಮುಂದೆ ಕೂರಿಸಿದೆ!"

ಬಿಳಿ ಕುಡಿ ಉದುರಿತು. ಬರೀ ಕಡ್ಡಿ ಉಳಿಯಿತು. ಸೊಸೆ ದಿನವೂ ಬಂದು ನೋಡಿದಳು. ಬಹಳ ದಿನದ ಮೇಲೆ ಕಡ್ಡಿಯ ಬುಡದ ಗಿಣ್ಣಿನಲ್ಲಿ ಒಂದು ಮೊಳಕೆ ಕಂಡಿತು. ಎಲೆ ಬಿಚ್ಚಿತು. ಅರ್ಧ ಹಸಿರು, ಅರ್ಧ ಬಿಳಿ.

ಆಕೆ ಅತ್ತೆಯ ಕಾಲು ಮುಟ್ಟಲು ಬಾಗಿದಳು. ಅತ್ತೆ ಭುಜ ಹಿಡಿದು ಎತ್ತಿದಳು. "ನನಗಲ್ಲ, ಅದಕ್ಕೆ" ಎಂದಳು. ಸೊಸೆ ಎಲೆಯ ಹಸಿರು ಭಾಗವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇಷ್ಟು ಹೇಳಿ ಗುರುಮಾತೆ ಶಿಷ್ಯನ ಮುಖ ನೋಡಿದಳು.

"ಚೆನ್ನವೀರ, ನೀನು ಕಣ್ಣು ಮುಚ್ಚಿ ಕೂತಿರುವಾಗ ನಿನ್ನ ಪಾಲಿನ ನೀರನ್ನು ಸೇದುವವರು ಯಾರು?"

ಚೆನ್ನವೀರ ಎದ್ದು ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದ.