ಅಧ್ಯಕ್ಷರ ಹಲಗೆ

ನಮ್ಮೂರ ಗರಡಿಮನೆಯ ಬಾಗಿಲ ಮೇಲೆ ಕಮಾನಿನಂತೆ ಬಾಗಿದ ಎರಡು ಹಲಗೆ ಕೂರಬೇಕಿತ್ತು. ಮೇಲಿನದರಲ್ಲಿ ಅಧ್ಯಕ್ಷ ಗುರುಶಾಂತಪ್ಪನವರ ಹೆಸರು, ಕೆಳಗಿನದರಲ್ಲಿ ಉಪಾಧ್ಯಕ್ಷ ಚೆಲುವೇಗೌಡರದು. ಬಡಗಿ ಆಚಾರಿ ಒಂದೇ ಅಚ್ಚಿಟ್ಟು ಎರಡನ್ನೂ ಕೊಯ್ದು, ಅಂಗಳದಲ್ಲಿ ಒಂದರ ಕೆಳಗೊಂದು ಜೋಡಿಸಿಟ್ಟ.

ಗುರುಶಾಂತಪ್ಪನವರು ಬಂದು ನೋಡಿದರು. ಮುಖ ಗಂಟಿಕ್ಕಿತು.

"ಏನಯ್ಯಾ ಆಚಾರಿ, ಅವನದಕ್ಕಿಂತ ನನ್ನದು ಚಿಕ್ಕದು. ನಾಳೆ ಉದ್ಘಾಟನೆ. ಅಷ್ಟರೊಳಗೆ ದೊಡ್ಡದು ಮಾಡದಿದ್ದರೆ ಈ ಊರಲ್ಲಿ ನಿನಗೆ ಕೆಲಸವಿಲ್ಲ."

ಆಚಾರಿ ಮೇಲಿನದನ್ನು ಕೆಳಗಿಟ್ಟ, ಕೆಳಗಿನದನ್ನು ಮೇಲಿಟ್ಟ.

"ಈಗ ನೋಡಿ ಸ್ವಾಮಿ."

"ಹಾಂ, ಈಗ ನನ್ನದೇ ದೊಡ್ಡದು. ಹೀಗಿರಬೇಕು."

"ಹಾಗಾದರೆ ಹೀಗೇ ಮೊಳೆ ಹೊಡೀತೀನಿ."

"ತಡಿ. ಅವನು ಮೇಲೆ, ನಾನು ಕೆಳಗಾ?"

ಆಚಾರಿ ಮತ್ತೆ ಅದಲುಬದಲು ಮಾಡಿದ. ಅಧ್ಯಕ್ಷರ ಹಲಗೆ ಮೇಲೇರಿತು, ಏರಿದ ಕೂಡಲೇ ಕುಗ್ಗಿತು. ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಆಚಾರಿ ಒಂದನ್ನೆತ್ತಿ ಇನ್ನೊಂದರ ಮೇಲೆ ಹೊಂದಿಸಿ ತೋರಿಸಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

"ಬಾಗಿದ ಹಲಗೆ ಹೀಗೇ ಸ್ವಾಮಿ, ಕೆಳಗಿದ್ದದ್ದು ಕಣ್ಣಿಗೆ ದೊಡ್ಡದು. ಇದಕ್ಕಿಂತ ಉದ್ದದ್ದು ಈ ಬಾಗಿಲಿಗೆ ಕೂರಲ್ಲ. ದೊಡ್ಡದಾಗಿ ಕಾಣಬೇಕಾದರೆ ಕೆಳಗಿಳೀಬೇಕು, ಮೇಲೇ ಇರಬೇಕಾದರೆ ಚಿಕ್ಕದಾಗಿ ಕಾಣಬೇಕು. ಎಲ್ಲಿ ಹೊಡೀಲಿ, ಹೇಳಿ."

ಗುರುಶಾಂತಪ್ಪನವರು ಮೇಲಕ್ಕೆ ಬೆರಳು ತೋರಿಸಿದರು.

ಇವತ್ತಿಗೂ ಆ ಹಲಗೆ ಮೇಲೇ ಇದೆ. ಅದು ಕಣ್ಣಿಗೆ ಬೀಳದಿರಲಿ ಅಂತ ಅಧ್ಯಕ್ಷರು ಬಾಗಿಲ ಬಳಿ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಾರೆ.

ಅಷ್ಟು ದೊಡ್ಡವರಿಗೆ ಎಷ್ಟು ವಿನಯ ಅಂತ ಊರವರು ಹೊಗಳುತ್ತಾರೆ. ಆಚಾರಿಯೂ ಹೌದೌದು ಅನ್ನುತ್ತಾನೆ.